ಕ್ಲಿಕ್ಕಾದ ಮೇಲೆ ಫೋಕಸ್

ಬಾಣಾವರದ ನಮ್ಮ ಅಜ್ಜಿಮನೆಯ ಬೀರುವಿನಲ್ಲಿ ಚಿಕ್ಕಮ್ಮನ ಮದುವೆಯ ಆಲ್ಬಂ ಇದೆ. ಅದರಲ್ಲಿ ಒಂದು ಫೋಟೋ ನೋಡಿದಾಗಲೆಲ್ಲ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಧಾರೆ ಮುಗಿದಿದೆ. ಚಿಕ್ಕಮ್ಮನ ಕಿವಿಯ ಹತ್ತಿರ ಬಾಗಿ ಅಜ್ಜಿ ಏನೋ ಹೇಳುತ್ತಿದ್ದಾಳೆ, ಹೇಳುತ್ತಲೇ ನಗುತ್ತಿದ್ದಾಳೆ. ಮಿಕ್ಕ ಯಾವ ಫೋಟೋದಲ್ಲೂ ಅಜ್ಜಿ ನಕ್ಕವಳಲ್ಲ. ಕ್ಯಾಮೆರಾ ಕಂಡ ಕೂಡಲೇ ಸೆರಗು ಸರಿಮಾಡಿಕೊಂಡು, ಕೈ ಕೆಳಗೆ ಬಿಟ್ಟು, ಸೆಟೆದು ನಿಲ್ಲುತ್ತಿದ್ದಳು. ನಕ್ಕಿದ್ದು ಈ ಒಂದರಲ್ಲಿ ಮಾತ್ರ. ಆದರೆ ಫೋಕಸ್ ಹೋಗಿ ಕೂತಿರುವುದು ಅವಳ ಹಿಂದೆ ಸ್ಟೂಲಿನ ಮೇಲಿದ್ದ ಪೆಟ್ರೋಮ್ಯಾಕ್ಸ್ ದೀಪದ ಮೇಲೆ. ಕರೆಂಟು ಹೋದರೆ ಇರಲಿ ಎಂದು ಯಾರೋ ತಂದಿಟ್ಟಿದ್ದ ದೀಪ. ಅದರ ಗಾಜಿನೊಳಗಿನ ಮ್ಯಾಂಟಲ್‌ನ ಹೆಣಿಗೆಯನ್ನು ಒಂದೊಂದಾಗಿ ಎಣಿಸಬಹುದು. ಅಜ್ಜಿಯ ಮುಖವೋ, ನೀರಿನಲ್ಲಿ ಕಲಸಿದಂತೆ ಹರಡಿಕೊಂಡಿದೆ.

ಫೋಟೋ ತೆಗೆದವರನ್ನು ದೂರುವಂತಿಲ್ಲ. ಚಪ್ಪರದ ಕೆಳಗೆ ಬೆಳಕು ಕಡಿಮೆ, ಲೆನ್ಸಿನ ಬಾಯಿ ಪೂರ್ತಿ ತೆರೆಯಲೇಬೇಕು. ಬಾಯಿ ಅಗಲವಾದಷ್ಟೂ ಸ್ಪಷ್ಟವಾಗಿ ಕಾಣುವ ಆಳ ಕಡಿಮೆಯಾಗುತ್ತದೆ. ಎರಡು ಅಡಿ ಆಚೀಚೆಯಾದರೂ ಮಂಜು. ಅಜ್ಜಿ ನಕ್ಕಿದ್ದು ಒಂದು ಕ್ಷಣ. ಅಷ್ಟರೊಳಗೆ ರಿಂಗ್ ತಿರುಗಿಸಿ, ಅವಳ ಕಣ್ಣಿಗೆ ಫೋಕಸ್ ಹಿಡಿದು, ಗುಂಡಿ ಒತ್ತಬೇಕಿತ್ತು. ರೀಲು ಕ್ಯಾಮೆರಾದ ಕಾಲದಲ್ಲಿ ಆ ತೀರ್ಮಾನ ಒಂದೇ ಸಲ ಆಗುವಂಥದು. ತಪ್ಪಿದರೆ ತಪ್ಪಿತು.

ಫೋಟೋ ತೆಗೆದ ಮೇಲೆ ಫೋಕಸ್ ಬದಲಾಯಿಸಬಹುದಾದ ಕ್ಯಾಮೆರಾ ಬಂದಿದೆ ಎಂಬ ಸುದ್ದಿ 2011ರಲ್ಲಿ ಓದಿದಾಗ ನನಗೆ ಮೊದಲು ನೆನಪಾದದ್ದು ಈ ಫೋಟೋ. ಅದು ಹೇಗೆ ಸಾಧ್ಯ ಎಂಬ ಪ್ರಶ್ನೆ ಅಂದಿನಿಂದಲೂ ನನ್ನ ಬೆನ್ನು ಬಿಟ್ಟಿಲ್ಲ.

ಫೋಕಸ್ ತಪ್ಪಿದ ಫೋಟೋದಲ್ಲಿ ನಿಜಕ್ಕೂ ಏನಾಗಿರುತ್ತದೆ? ನಮ್ಮ ಕಡೆ ಹಾಲಿನ ಡೇರಿಯಲ್ಲಿ ಬೆಳಗಿನ ಹೊತ್ತು ನಡೆಯುವುದನ್ನು ನೆನಪಿಸಿಕೊಳ್ಳಿ. ಒಬ್ಬೊಬ್ಬರ ಹಾಲನ್ನೂ ಅಳೆದು, ಜಿಡ್ಡು ನೋಡಿ, ಪುಸ್ತಕದಲ್ಲಿ ಬರೆದು, ಆಮೇಲೆ ದೊಡ್ಡ ಕ್ಯಾನಿಗೆ ಸುರಿಯುತ್ತಾರೆ. ಬರೆದುಕೊಳ್ಳದೆ ಸುರಿದುಬಿಟ್ಟರೆ? ಕ್ಯಾನಿನಲ್ಲಿ ನಲವತ್ತು ಲೀಟರ್ ಇದೆ ಎಂದಷ್ಟೇ ಗೊತ್ತಾಗುತ್ತದೆ. ಯಾರ ಮನೆಯದು ಎಷ್ಟು, ಯಾರದು ಗಟ್ಟಿ, ಯಾರದು ತೆಳು ಎಂದು ಇನ್ನು ಯಾರೂ ಹೇಳಲಾರರು. ಮಾಮೂಲಿ ಕ್ಯಾಮೆರಾ ಹೀಗೆ ಬರೆದುಕೊಳ್ಳದೆ ಸುರಿಯುವ ಡೇರಿ. ಸೆನ್ಸರಿನ ಒಂದೊಂದು ಚುಕ್ಕೆಯ ಮೇಲೂ ಲೆನ್ಸಿನ ಎಡಭಾಗದಿಂದ, ಬಲಭಾಗದಿಂದ, ಮೇಲಿಂದ, ಕೆಳಗಿಂದ ಕಿರಣಗಳು ಬಂದು ಬೀಳುತ್ತವೆ. ಚುಕ್ಕೆ ಅವನ್ನೆಲ್ಲ ಕೂಡಿಸಿ ಒಟ್ಟು ಬೆಳಕು ಇಷ್ಟು ಎಂದು ಬರೆದುಕೊಳ್ಳುತ್ತದೆ. ಯಾವ ಕಿರಣ ಯಾವ ದಿಕ್ಕಿನಿಂದ ಬಂತೆಂಬ ಲೆಕ್ಕ ಅಲ್ಲಿಗೆ ಅಳಿದುಹೋಗುತ್ತದೆ. ಫೋಕಸ್ ಸರಿಯಿದ್ದ ಕಡೆ ಅಜ್ಜಿಯ ಮೂಗುತಿಯಿಂದ ಹೊರಟ ಕಿರಣಗಳೆಲ್ಲ ಒಂದೇ ಚುಕ್ಕೆಗೆ ಬಂದು ಸೇರುತ್ತವೆ, ಆದ್ದರಿಂದ ನಷ್ಟ ಕಾಣುವುದಿಲ್ಲ. ಫೋಕಸ್ ತಪ್ಪಿದ ಕಡೆ ಮೂಗುತಿಯ ಬೆಳಕು, ಕೆನ್ನೆಯ ಬೆಳಕು, ಸೆರಗಿನ ಬೆಳಕು ಎಲ್ಲ ಒಂದೇ ಕ್ಯಾನಿನಲ್ಲಿ ಬೆರೆತುಹೋಗುತ್ತವೆ.

ಅಂದಮೇಲೆ ದಿಕ್ಕನ್ನೂ ಬರೆದುಕೊಳ್ಳುವ ಕ್ಯಾಮೆರಾ ಬೇಕು. ಹೀಗೊಂದು ದಾರಿಯನ್ನು ಫ್ರಾನ್ಸಿನ ಭೌತವಿಜ್ಞಾನಿ ಗೇಬ್ರಿಯಲ್ ಲಿಪ್‌ಮನ್ 1908ರಲ್ಲೇ ಹೇಳಿದ್ದರು. ಬಣ್ಣದ ಫೋಟೋಗ್ರಫಿಯ ಕೆಲಸಕ್ಕಾಗಿ ಅವರಿಗೆ ನೊಬೆಲ್ ಬಂದದ್ದೂ ಅದೇ ವರ್ಷ. ಕೀಟದ ಕಣ್ಣಿನ ಹಾಗೆ ಸಾಲುಸಾಲು ಪುಟ್ಟ ಮಸೂರಗಳನ್ನು ಫೋಟೋ ಪ್ಲೇಟಿನ ಮುಂದೆ ಕೂರಿಸಿದರೆ ನೋಟದ ಆಳವೂ ದಾಖಲಾಗುತ್ತದೆ ಎಂಬುದು ಅವರ ಯೋಚನೆ. ಅದನ್ನು ಚೆನ್ನಾಗಿ ಮಾಡಿ ತೋರಿಸುವ ಸಲಕರಣೆ ಆಗ ಇರಲಿಲ್ಲ. ಲೆಕ್ಕ ಹಾಕಿಕೊಡಲು ಕಂಪ್ಯೂಟರೂ ಇರಲಿಲ್ಲ.

ಪುಟ್ಟ ಮಸೂರ ಮಾಡುವ ಕೆಲಸವನ್ನು ನೋಡಲು ಪ್ರಯೋಗಾಲಯಕ್ಕೆ ಹೋಗಬೇಕಾಗಿಲ್ಲ. ಬಾಣಾವರ–ಅರಸೀಕೆರೆ ಸೀಮೆಯ ಯಾವ ತೆಂಗಿನ ತೋಟದಲ್ಲಾದರೂ ನಡುಮಧ್ಯಾಹ್ನ ನೆಲ ನೋಡಿ. ಗರಿಗಳ ನಡುವಿನ ಸಂದುಗಳು ಉದ್ದ, ಚೂಪು, ಸೊಟ್ಟ. ಒಂದು ಇದ್ದ ಹಾಗೆ ಇನ್ನೊಂದಿಲ್ಲ. ಆದರೂ ನೆಲದ ಮೇಲೆ ಬಿದ್ದ ಬಿಸಿಲಿನ ಚುಕ್ಕೆಗಳೆಲ್ಲ ದುಂಡಗಿರುತ್ತವೆ. ಏಕೆಂದರೆ ಅವು ಸಂದಿನ ಆಕಾರಗಳಲ್ಲ, ಒಂದೊಂದೂ ಸೂರ್ಯನ ಬಿಂಬ. 2019ರ ಡಿಸೆಂಬರ್ 26ರಂದು ಕಂಕಣ ಸೂರ್ಯಗ್ರಹಣದ ನಡುದಾರಿ ಕಾಸರಗೋಡು, ಕೊಡಗಿನ ಮೇಲೆ ಹಾದುಹೋಯಿತು. ಹಾಸನ ಜಿಲ್ಲೆಯಲ್ಲೂ ಸೂರ್ಯನ ಬಹುಪಾಲು ಮುಚ್ಚಿತ್ತು. ಆಗ ಮರದ ಕೆಳಗೆ ನೋಡಿದವರಿಗೆ ನೆಲದ ತುಂಬ ಬಿದಿಗೆಯ ಚಂದ್ರಗಳು ಕಂಡವು. ಪ್ರತಿ ಸಂದೂ ತನ್ನ ಪಾಲಿಗೆ ಒಂದು ಪೂರ್ತಿ ಸೂರ್ಯನನ್ನು ಬರೆಯುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಹೊಸ ಕ್ಯಾಮೆರಾದ ಒಳಗೂ ನಡೆಯುವುದು ಇಷ್ಟೇ. ಸೆನ್ಸರಿನ ಮುಂದೆ ಸಾವಿರಾರು ಪುಟ್ಟ ಮಸೂರಗಳ ಹಾಳೆ. ಗರಿಯ ಸಂದು ನೆಲದ ಮೇಲೆ ಸೂರ್ಯನನ್ನು ಬರೆಯುವ ಹಾಗೆ, ಪ್ರತಿ ಪುಟ್ಟ ಮಸೂರವೂ ತನ್ನ ಹಿಂದಿನ ಸೆನ್ಸರಿನ ಮೇಲೆ ಕ್ಯಾಮೆರಾದ ದೊಡ್ಡ ಲೆನ್ಸಿನ ದುಂಡು ಬಾಯಿಯನ್ನು ಬರೆಯುತ್ತದೆ. ಆ ದುಂಡು ಚುಕ್ಕೆಯ ಎಡಬದಿಯ ಬೆಳಕು ಬಂದದ್ದು ಲೆನ್ಸಿನ ಒಂದು ಬದಿಯಿಂದ, ಬಲಬದಿಯದು ಇನ್ನೊಂದು ಬದಿಯಿಂದ. ದಿಕ್ಕಿನ ಲೆಕ್ಕ ಸಿಕ್ಕಿತು. ಕ್ಯಾನಿಗೆ ಸುರಿಯುವ ಮೊದಲೇ ಎಲ್ಲರ ಹೆಸರೂ ಪುಸ್ತಕಕ್ಕೆ ಏರಿತು.

ಇನ್ನು ಈ ಲೆಕ್ಕದಿಂದ ಫೋಕಸ್ ಬದಲಾಯಿಸುವುದು. ಬಾಣಾವರದಿಂದ ಜಾವಗಲ್ ದಾರಿಯಲ್ಲಿ ಹಳೇಬೀಡಿಗೆ ಹೋಗಿ ಹೊಯ್ಸಳೇಶ್ವರನ ಎದುರಿನ ನಂದಿ ಮಂಟಪದ ಹೊರಗೆ ನಿಲ್ಲಿ. ಹತ್ತಿರದಲ್ಲಿ ಕಂಬ, ಒಳಗೆ ನಂದಿ. ತಲೆಯನ್ನು ಗೇಣುದ್ದ ಎಡಕ್ಕೂ ಬಲಕ್ಕೂ ಆಡಿಸಿದರೆ ಕಂಬ ಸರ್ರನೆ ಜರುಗುತ್ತದೆ, ನಂದಿ ಅಷ್ಟಾಗಿ ಜರುಗುವುದಿಲ್ಲ. ಈಗ ತಲೆಯನ್ನು ಒಂದೊಂದು ಜಾಗದಲ್ಲಿಟ್ಟು ಕಂಡ ನೋಟಗಳನ್ನು ತೆಳು ಗಾಜಿನ ಮೇಲೆ ಬರೆದಿದ್ದೇವೆ ಎಂದುಕೊಳ್ಳೋಣ. ಎಲ್ಲ ಗಾಜುಗಳನ್ನೂ ಒಂದರ ಮೇಲೊಂದು ಇಟ್ಟು, ನಂದಿಯ ಮೇಲೆ ನಂದಿ ಕೂರುವಂತೆ ಜರುಗಿಸಿದರೆ ನಂದಿ ಗೆರೆ ಕೊರೆದಂತೆ ಕಾಣುತ್ತದೆ, ಕಂಬಗಳು ಹತ್ತಾರು ಜಾಗದಲ್ಲಿ ಬಿದ್ದು ಮಸುಕಾಗುತ್ತವೆ. ಕಂಬದ ಮೇಲೆ ಕಂಬ ಕೂರಿಸಿದರೆ ನಂದಿ ಮಸುಕು. ಇದರ ಹೆಸರೇ ಫೋಕಸ್. ಲೆನ್ಸ್ ಇದನ್ನು ಗಾಜಿನಿಂದ ಮಾಡುತ್ತದೆ, ಕಂಪ್ಯೂಟರ್ ಲೆಕ್ಕದಿಂದ ಮಾಡುತ್ತದೆ. ಲೆನ್ಸಿನ ಬಾಯಿಯ ಬೇರೆ ಬೇರೆ ಜಾಗಗಳೇ ಇಲ್ಲಿ ನಾವು ತಲೆ ಆಡಿಸಿ ನಿಂತ ಜಾಗಗಳು. ನೋಟಗಳು ಬೇರೆಬೇರೆಯಾಗಿ ಕೈಯಲ್ಲಿರುವ ತನಕ ಯಾವಾಗ ಬೇಕಾದರೂ, ಹತ್ತು ವರ್ಷ ಬಿಟ್ಟಾದರೂ, ಮತ್ತೆ ಜರುಗಿಸಿ ಕೂಡಿಸಬಹುದು.

ಇದನ್ನು ಕೈಯಲ್ಲಿ ಹಿಡಿಯುವ ಕ್ಯಾಮೆರಾದಲ್ಲಿ ಸಾಧಿಸಿ ತೋರಿಸಿದವರು ರೆನ್ ಇಂಗ್. ಮಲೇಷ್ಯಾದಲ್ಲಿ ಹುಟ್ಟಿ ಆಸ್ಟ್ರೇಲಿಯಾದಲ್ಲಿ ಬೆಳೆದು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಕ್ಕೆ ಬಂದವರು. ಗೆಳೆಯರೊಬ್ಬರ ಪುಟ್ಟ ಮಗಳ ನಗುವನ್ನು ಹಿಡಿಯಹೋಗಿ, ಪ್ರತಿಸಲವೂ ಫೋಕಸ್ ತಪ್ಪಿ, ಬೇಸತ್ತದ್ದೇ ಈ ಕೆಲಸಕ್ಕೆ ಪ್ರೇರಣೆ ಎಂದು ಅವರು ಹೇಳಿಕೊಂಡಿದ್ದಾರೆ. ನಮ್ಮ ಮನೆಯ ಕಥೆಯೂ ಅದೇ ಆದ್ದರಿಂದ ಈ ಮನುಷ್ಯನ ಮೇಲೆ ನನಗೆ ಮೊದಲಿನಿಂದ ಒಂದು ಬಗೆಯ ಅಕ್ಕರೆ. ಮಾರ್ಕ್ ಲೆವಾಯ್, ಪ್ಯಾಟ್ ಹ್ಯಾನ್ರಹಾನ್ ಮೊದಲಾದ ಅಧ್ಯಾಪಕರ ಜೊತೆ ಸೇರಿ 2005ರಲ್ಲಿ ಅವರು ಮಾಡಿದ ಮಾದರಿಯಲ್ಲಿ 4000 ಅಡ್ಡ, 4000 ಉದ್ದ, ಒಟ್ಟು 1.6 ಕೋಟಿ ಚುಕ್ಕೆಗಳ ಸೆನ್ಸರ್ ಇತ್ತು. ಅದರ ಮುಂದೆ 296 ಸಾಲು, ಸಾಲಿಗೆ 296 ಪುಟ್ಟ ಮಸೂರಗಳು. ಒಂದೊಂದರ ಅಗಲ 125 ಮೈಕ್ರಾನ್, ಅಂದರೆ ಮಿಲಿಮೀಟರಿನ ಎಂಟನೇ ಒಂದು ಪಾಲು.

ಈ ಅಂಕಿಗಳಲ್ಲೇ ಇಡೀ ತೊಡಕೂ ಅಡಗಿದೆ. ಒಂದು ಪುಟ್ಟ ಮಸೂರದ ಹಿಂದಿನ ಸುಮಾರು 200 ಚುಕ್ಕೆಗಳು ದಿಕ್ಕಿನ ಲೆಕ್ಕ ಬರೆಯುವುದಕ್ಕೇ ಖರ್ಚಾದವು. ಚಿತ್ರಕ್ಕೆ ಉಳಿದದ್ದು ಮಸೂರಕ್ಕೊಂದರಂತೆ, 300ಕ್ಕೆ 300ಕ್ಕೂ ತುಸು ಕಡಿಮೆ ಚುಕ್ಕೆ. ಅಂಚೆಚೀಟಿಯಷ್ಟು ಫೋಟೋ. ಪುಸ್ತಕದ ಹಾಳೆಗಳು ಇರುವಷ್ಟೇ. ಒಬ್ಬೊಬ್ಬರಿಗೂ ಇನ್ನೂರು ಕಲಂ ಬರೆಯುತ್ತ ಹೋದರೆ ಹೆಚ್ಚು ಜನರ ಹೆಸರು ಹಿಡಿಸುವುದಿಲ್ಲ.

ರೆನ್ ಇಂಗ್ 2006ರಲ್ಲಿ ಪಿಎಚ್.ಡಿ. ಪ್ರಬಂಧ ಮುಗಿಸಿ ಕಂಪನಿ ಕಟ್ಟಿದರು. ಅದೇ ಮುಂದೆ ಲೈಟ್ರೋ ಆಯಿತು. 2012ರ ಫೆಬ್ರವರಿ ಕೊನೆಯಲ್ಲಿ ಕೊಂಡವರ ಕೈಸೇರಿದ ಮೊದಲ ಲೈಟ್ರೋ ಕ್ಯಾಮೆರಾ ನೋಡಲು ಕ್ಯಾಮೆರಾದ ಹಾಗೇ ಇರಲಿಲ್ಲ. ಗೇಣಿಗಿಂತ ಸಣ್ಣ ಚೌಕ ಕೊಳವೆ; ಒಂದು ತುದಿಯಲ್ಲಿ ಲೆನ್ಸ್, ಇನ್ನೊಂದು ತುದಿಯಲ್ಲಿ ಪುಟ್ಟ ಪರದೆ. ಬೆಲೆ 399 ಡಾಲರಿನಿಂದ ಶುರು, ಅಂದಿನ ಲೆಕ್ಕಕ್ಕೆ ಇಪ್ಪತ್ತು ಸಾವಿರ ರೂಪಾಯಿಯ ಆಸುಪಾಸು. ತೆಗೆದ ಚಿತ್ರವನ್ನು ಪರದೆಯ ಮೇಲೆ ಮುಟ್ಟಿದ ಕಡೆಗೆ ಫೋಕಸ್ ಹರಿದು ಬರುತ್ತಿತ್ತು. ಆದರೆ ಚಿತ್ರ ದೊಡ್ಡದು ಮಾಡಿ ನೋಡಿದರೆ 1080ಕ್ಕೆ 1080 ಚುಕ್ಕೆ ಮಾತ್ರ. ಆ ಹೊತ್ತಿಗೆ ಜೇಬಿನ ಫೋನುಗಳೇ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡ ಚಿತ್ರ ಕೊಡುತ್ತಿದ್ದವು. 2014ರಲ್ಲಿ ಬಂದ ಎರಡನೇ ಕ್ಯಾಮೆರಾ ಇಲ್ಲಮ್‌ನ ಬೆಲೆ 1,599 ಡಾಲರ್. ಕೊಳ್ಳುವವರು ಕಡಿಮೆಯಾದರು. 2016ರಲ್ಲಿ ಸಿನಿಮಾಕ್ಕೆಂದು ಭಾರಿ ಗಾತ್ರದ ಕ್ಯಾಮೆರಾ ತೋರಿಸಿದರು. 2018ರ ಮಾರ್ಚಿನಲ್ಲಿ ಕಂಪನಿ ಬಾಗಿಲು ಮುಚ್ಚಿತು.

ಕಂಪನಿ ಮುಚ್ಚಿದ್ದಕ್ಕಿಂತ ನನಗೆ ಹೆಚ್ಚು ನೋವಾದದ್ದು ಇನ್ನೊಂದು ವಿಷಯಕ್ಕೆ. ಕೊಂಡವರು ತಮ್ಮ ಮಕ್ಕಳ, ಮದುವೆಗಳ ಚಿತ್ರಗಳನ್ನು ಲೈಟ್ರೋದ ಜಾಲತಾಣಕ್ಕೆ ಏರಿಸಿ, ನೋಡುವವರು ಅಲ್ಲೇ ಮುಟ್ಟಿ ಫೋಕಸ್ ಬದಲಾಯಿಸುವಂತೆ ಹಂಚಿಕೊಂಡಿದ್ದರು. 2017ರ ನವೆಂಬರ್ ಕೊನೆಗೆ ಆ ತಾಣವನ್ನು ನಿಲ್ಲಿಸಿದರು. ಹಂಚಿಕೊಂಡ ಕಡೆಯಲ್ಲೆಲ್ಲ ಆ ಚಿತ್ರಗಳು ಸತ್ತವು. ಚಿಕ್ಕಮ್ಮನ ಆಲ್ಬಂ ಜಿರಲೆ, ಗೆದ್ದಲು ಎಲ್ಲವನ್ನೂ ದಾಟಿ ಬೀರುವಿನಲ್ಲಿ ಕೂತಿದೆ. ನಂತರ ಹುಟ್ಟಿದ ಆ ಚಿತ್ರಗಳಿಗೆ ಆರು ವರ್ಷದ ಆಯಸ್ಸೂ ಸಿಗಲಿಲ್ಲ.

ಲೈಟ್ರೋ ಹೋದರೂ ಅದರ ಹಿಂದಿದ್ದ ವಿಚಾರ ನಮ್ಮ ನಿಮ್ಮ ಜೇಬಿಗೆ ಬಂದಿದೆ. ರೆನ್ ಇಂಗ್‌ಗೆ ಪಾಠ ಹೇಳಿದ್ದ ಮಾರ್ಕ್ ಲೆವಾಯ್ ಆಮೇಲೆ ಗೂಗಲ್ ಸೇರಿ ಪಿಕ್ಸೆಲ್ ಫೋನಿನ ಕ್ಯಾಮೆರಾ ಕೆಲಸ ಮಾಡಿದರು. 2017ರ ಪಿಕ್ಸೆಲ್ 2ರ ಹಿಂಬದಿ ಕ್ಯಾಮೆರಾದಲ್ಲಿ ಪ್ರತಿ ಚುಕ್ಕೆಯನ್ನೂ ಎಡ–ಬಲ ಎಂದು ಎರಡು ಹೋಳು ಮಾಡಿ, ಎರಡಕ್ಕೂ ಸೇರಿ ಒಂದು ಪುಟ್ಟ ಮಸೂರ ಇಟ್ಟಿದ್ದರು. ಎಡಹೋಳು ಲೆನ್ಸಿನ ಒಂದು ಅರ್ಧದಿಂದ ನೋಡುತ್ತದೆ, ಬಲಹೋಳು ಇನ್ನೊಂದು ಅರ್ಧದಿಂದ. ಎರಡು ನೋಟಗಳ ನಡುವಿನ ಅಂತರ ಸುಮಾರು ಒಂದು ಮಿಲಿಮೀಟರ್. ಸ್ಟ್ಯಾನ್‌ಫರ್ಡ್ ಮಾದರಿಯಲ್ಲಿ ಇನ್ನೂರು ಕಲಂ ಇದ್ದ ಪುಸ್ತಕ ಇಲ್ಲಿ ಎರಡೇ ಕಲಮ್ಮಿನದು. ಅಷ್ಟರಿಂದಲೇ ಯಾವುದು ಹತ್ತಿರ, ಯಾವುದು ದೂರ ಎಂದು ಫೋನು ಅಂದಾಜು ಮಾಡುತ್ತದೆ. ಬೇರೆ ಫೋನುಗಳು ಹಿಂದೆ ಎರಡು ಮೂರು ಕ್ಯಾಮೆರಾ ಇಟ್ಟು ಇದೇ ಕೆಲಸ ಮಾಡಿಸುತ್ತವೆ. 2018ರಲ್ಲಿ ಐಫೋನಿಗೆ ಪೋರ್ಟ್ರೇಟ್ ಫೋಟೋ ತೆಗೆದಾದ ಮೇಲೆ ಹಿನ್ನೆಲೆಯ ಮಸುಕನ್ನು ಹೆಚ್ಚು ಕಡಿಮೆ ಮಾಡುವ ಸೌಲಭ್ಯ ಬಂತು. ಈಗ ಎಷ್ಟೋ ಫೋನುಗಳಲ್ಲಿ ಬೇರೆ ಮುಖವನ್ನು ಮುಟ್ಟಿ ಫೋಕಸ್ ಅತ್ತ ಸರಿಸಲೂಬಹುದು.

ಇಲ್ಲಿ ಒಂದು ವ್ಯತ್ಯಾಸವನ್ನು ಜನ ತಿಳಿದುಕೊಳ್ಳಬೇಕು ಎಂಬುದು ನನ್ನ ಆಸೆ. ಲೈಟ್ರೋ ನಿಜವಾಗಿ ಬಂದ ಕಿರಣಗಳನ್ನು ಮತ್ತೆ ಕೂಡಿಸುತ್ತಿತ್ತು. ಫೋನು ಹಾಗೆ ಮಾಡುವುದಿಲ್ಲ. ಅದರ ಲೆನ್ಸ್ ಕಡಲೆಕಾಳಿನಷ್ಟು. ಹಾಗಾಗಿ ಮುಂದಿನದು ಹಿಂದಿನದು ಬಹುಮಟ್ಟಿಗೆ ಎಲ್ಲವೂ ಮೊದಲೇ ಸ್ಪಷ್ಟವಾಗಿರುತ್ತದೆ. ಆಮೇಲೆ ಫೋನು ಅಂದಾಜಿನ ಮೇಲೆ ದೂರದ್ದಕ್ಕೆ ಮಸುಕು ಬಳಿಯುತ್ತದೆ. ಅಂದಾಜು ತಪ್ಪಿದಾಗ ಮುಡಿದ ಮಲ್ಲಿಗೆಯ ಅಂಚು ಗೋಡೆಗೆ ಕರಗಿಹೋಗಿರುತ್ತದೆ, ಜುಮುಕಿಯ ತೂತಿನೊಳಗೆ ಹಿನ್ನೆಲೆ ಹಾಗೇ ಚೊಕ್ಕವಾಗಿ ಉಳಿದಿರುತ್ತದೆ. ಮದುವೆ ಫೋಟೋಗಳಲ್ಲಿ ಹುಡುಕಿ ನೋಡಿ, ಸಿಗುತ್ತದೆ. ಇದು ದೊಡ್ಡ ಅಪರಾಧವೇನಲ್ಲ. ಆದರೆ ಸ್ಪಷ್ಟವಾಗಿದ್ದುದನ್ನು ಮಸುಕು ಮಾಡುವುದು ಬೇರೆ, ಮಸುಕಾದದ್ದರಿಂದ ಸ್ಪಷ್ಟವಾದದ್ದನ್ನು ತೆಗೆಯುವುದು ಬೇರೆ. ಎರಡನೆಯದು ಫೋನಿನ ಕೈಯಲ್ಲೂ ಆಗದು.

ಆಗುತ್ತದೆ ಎಂದು ತೋರಿಸುವ ಆ್ಯಪ್‌ಗಳು ಬಂದಿವೆಯಲ್ಲ, ಅಲ್ಲಿ ನನ್ನ ಸಂಕಟ ಶುರುವಾಗುತ್ತದೆ. ಹೋದ ವರ್ಷ ಹಬ್ಬಕ್ಕೆ ಬಂದಿದ್ದ ತಂಗಿಯ ಮಗ ಅಜ್ಜಿಯ ಆ ಫೋಟೋವನ್ನು ಫೋನಿನಲ್ಲಿ ಹಿಡಿದು, ಕೃತಕ ಬುದ್ಧಿಮತ್ತೆಯ ಒಂದು ಆ್ಯಪಿಗೆ ಕೊಟ್ಟ. ಅರ್ಧ ನಿಮಿಷದಲ್ಲಿ ಕನ್ನಡಿಯಷ್ಟು ಸ್ವಚ್ಛವಾದ ಮುಖ ಬಂತು. ಅವನು ಅದನ್ನು ತೆಗೆದುಕೊಂಡು ನಮ್ಮಮ್ಮನ ಹತ್ತಿರ ಓಡಿದ. ಅಮ್ಮ ಕನ್ನಡಕ ಏರಿಸಿಕೊಂಡು, ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದಳು.

“ಇದ್ಯಾರೋ ಇದು? ನಮ್ಮವ್ವ ಅಲ್ಲ ಕಣೋ” ಅಂದಳು.

ಅಲ್ಲವೇ ಅಲ್ಲ. ಎಲೆ ಅಡಿಕೆ ಹಾಕಿ ಹಾಕಿ ಕೆಂಪಾಗಿ, ಮುಂದಿನ ಒಂದು ಬಿದ್ದೇ ಹೋಗಿದ್ದ ಅಜ್ಜಿಯ ಹಲ್ಲಿನ ಜಾಗದಲ್ಲಿ ಜೋಡಿಸಿಟ್ಟ ಬಿಳಿ ಸಾಲು. ಮೂಗುತಿ ಇದ್ದ ಕಡೆ ಬರೀ ಹೊಳಪು. ಹಣೆಯ ಕುಂಕುಮ ಸಣ್ಣ ಬಿಂದಿ. ಆ ಆ್ಯಪ್ ಲಕ್ಷಾಂತರ ಮುಖಗಳನ್ನು ನೋಡಿ ಕಲಿತದ್ದು. ಇಂಥ ಮಸುಕಿನ ಹಿಂದೆ ಸಾಮಾನ್ಯವಾಗಿ ಎಂಥ ಮುಖ ಇರುತ್ತದೆ ಎಂದು ಊಹಿಸಿ ಬರೆಯುತ್ತದೆ. ಅಜ್ಜಿ ಅದಕ್ಕೆ ಗೊತ್ತಿಲ್ಲ. ಗೊತ್ತಾಗುವ ದಾರಿಯೂ ಇಲ್ಲ, ಅವಳ ಮುಖದ ಕಿರಣಗಳ ಲೆಕ್ಕ ಅಂದೇ ಕ್ಯಾನಿನಲ್ಲಿ ಬೆರೆತುಹೋಗಿತ್ತು. ಹುಡುಗನಿಗೆ ನಾನು ಹೇಳಿದ್ದು ಇಷ್ಟೇ: ಇಟ್ಟುಕೊಳ್ಳುವುದಾದರೆ ಇಟ್ಟುಕೋ, ಆದರೆ ಅಜ್ಜಿಯ ಫೋಟೋ ಎಂದು ಯಾರಿಗೂ ಕಳಿಸಬೇಡ. ನಿನ್ನ ಮಕ್ಕಳು ಇದನ್ನೇ ಅಜ್ಜಿ ಎಂದುಕೊಂಡುಬಿಡುತ್ತಾರೆ. ಅವನು ಅಳಿಸಿದ.

ಇದೇ ಮಾತು ಮನೆಯ ಆಲ್ಬಮ್ಮನ್ನು ದಾಟಿ ಕಲ್ಲಿಗೂ ಬರುತ್ತದೆ. ಕ್ಯಾಪ್ಟನ್ ರಿಚರ್ಡ್ ಬ್ಯಾನರ್ ಓಕ್ಲಿ ಎಂಬ ಬ್ರಿಟಿಷ್ ಅಧಿಕಾರಿ 1856ರಲ್ಲಿ ಹಳೇಬೀಡಿನ ದೇವಸ್ಥಾನದ ಫೋಟೋ ತೆಗೆದು, 56 ಚಿತ್ರಗಳ ಪುಸ್ತಕವನ್ನು 1859ರಲ್ಲಿ ಲಂಡನ್ನಿನಲ್ಲಿ ಹೊರತಂದ. ಭಾರತಕ್ಕೆ ಕ್ಯಾಮೆರಾ ಬಂದು ಇಪ್ಪತ್ತು ವರ್ಷವೂ ತುಂಬಿರಲಿಲ್ಲ. ಆ ಕಾಲದವರು ಕಟ್ಟಡಗಳನ್ನು ಹಿಡಿಯುವಾಗ ಲೆನ್ಸಿನ ಬಾಯಿ ಕಿರಿದು ಮಾಡಿ, ಕ್ಯಾಮೆರಾವನ್ನು ಅಲುಗಾಡದಂತೆ ನಿಲ್ಲಿಸಿ, ಬಹಳ ಹೊತ್ತು ಬೆಳಕು ಬಿಡುತ್ತಿದ್ದರು. ಬಾಯಿ ಕಿರಿದಾದರೆ ಹತ್ತಿರದ್ದೂ ದೂರದ್ದೂ ಸ್ಪಷ್ಟ. ಕಲ್ಲು ಅಲುಗುವುದಿಲ್ಲವಲ್ಲ, ಎಷ್ಟು ಹೊತ್ತು ಬೇಕಾದರೂ ಕಾಯುತ್ತದೆ. ಫೋಕಸ್ಸಿನ ತೊಡಕಿಗೆ ಅದು ಆಗಿನ ಪರಿಹಾರ.

ಆದರೂ ಹೊಯ್ಸಳ ಶಿಲ್ಪ ಯಾವ ಕ್ಯಾಮೆರಾಕ್ಕೂ ಸುಲಭವಾಗಿ ಒಲಿಯುವುದಿಲ್ಲ. ಬಳಪದ ಕಲ್ಲು ಮೆದು; ಆದ್ದರಿಂದ ರೂವಾರಿಗಳು ಅದನ್ನು ಆಳಕ್ಕೆ ಕೊರೆದರು, ಹಿಂದಿನ ಗೋಡೆಯಿಂದ ಬಿಡಿಸಿ ನಿಲ್ಲಿಸಿದರು. ಬೇಲೂರಿನ ಸೂರಿನ ಕೆಳಗೆ ಮುಂದಕ್ಕೆ ಬಾಗಿ ನಿಂತ ದರ್ಪಣಸುಂದರಿಯನ್ನು ಕೆಳಗಿನಿಂದ ಹಿಡಿಯುವಾಗ ಕಾಲಿನ ಗೆಜ್ಜೆಗೆ ಫೋಕಸ್ ಕೊಟ್ಟರೆ ಕೈಯ ಕನ್ನಡಿ ಹೋಯಿತು, ಕನ್ನಡಿಗೆ ಕೊಟ್ಟರೆ ತಲೆಯ ಮೇಲಿನ ಬಳ್ಳಿಯ ಕುಸುರಿ ಹೋಯಿತು. ಹತ್ತಿರ ಹೋದಷ್ಟೂ ಈ ಕಷ್ಟ ಹೆಚ್ಚು. ಬೇಲೂರು, ಹಳೇಬೀಡು, ಸೋಮನಾಥಪುರಗಳು 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಅಲ್ಲಿ ಫೋಟೋ ತೆಗೆಯುವವರಿಗೆ ಲೆಕ್ಕವಿಲ್ಲ. ಆ ರಾಶಿಯಲ್ಲಿ ಶಿಲ್ಪದ ಆಳವನ್ನು ಉಳಿಸಿಕೊಂಡ ದಾಖಲೆ ಎಷ್ಟಿದೆ ಎಂಬುದೇ ನನ್ನ ಚಿಂತೆ. ಮಳೆ ಬಿಸಿಲಿಗೆ ಒಂದು ಬೆರಳು, ಒಂದು ಮುತ್ತಿನ ಸರ ಉದುರಿದ ದಿನ ನಮ್ಮ ಕೈಯಲ್ಲಿ ಏನಿರುತ್ತದೆ? ಆಗ ಊಹೆಯಿಂದ ಬರೆದ ಬೆರಳು ಬೇಡ. ಅಲ್ಲಿದ್ದ ಬೆರಳೇ ಬೇಕು.

ಇದಕ್ಕೆ ದಾರಿ ತೆರೆದವರಲ್ಲೂ ಮತ್ತೆ ರೆನ್ ಇಂಗ್ ಇದ್ದಾರೆ. ಈಗ ಅವರು ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರು. 2020ರಲ್ಲಿ ಅವರೂ ಸಂಗಡಿಗರೂ ಸೇರಿ ನರ್ಫ್ ಎಂಬ ವಿಧಾನ ಪ್ರಕಟಿಸಿದರು. ಮಾಮೂಲಿ ಕ್ಯಾಮೆರಾದಲ್ಲಿ ಒಂದು ವಸ್ತುವಿನ ಸುತ್ತ ನಡೆದು ಹತ್ತಾರು ಫೋಟೋ ತೆಗೆದುಕೊಟ್ಟರೆ, ಆ ಜಾಗದಲ್ಲಿ ಯಾವ ಬಿಂದುವಿನಿಂದ ಯಾವ ದಿಕ್ಕಿಗೆ ಎಂಥ ಬೆಳಕು ಹೊರಡುತ್ತದೆ ಎಂಬುದನ್ನು ಕಂಪ್ಯೂಟರ್ ಲೆಕ್ಕ ಹಾಕಿ, ನಾವು ನಿಲ್ಲದೇ ಇದ್ದ ಜಾಗದಿಂದಲೂ ನೋಟವನ್ನು ಕಟ್ಟಿಕೊಡುತ್ತದೆ. ಲೆನ್ಸಿನ ಬಾಯಿಯೊಳಗೆ ಮಾಡುತ್ತಿದ್ದ ಕೆಲಸವನ್ನು ದೇವಸ್ಥಾನದ ಜಗತಿಯ ಮೇಲೆ ನಡೆದಾಡಿ ಮಾಡಿದ ಹಾಗೆ. ನಂದಿ ಮಂಟಪದ ಮುಂದೆ ತಲೆ ಆಡಿಸಿದ್ದು ನೆನಪಿದೆಯಲ್ಲ, ಅದೇ. ಫೋಟೋಗಳಲ್ಲಿ ಬಾರದ ಮೂಲೆಯನ್ನು ಈ ವಿಧಾನವೂ ನಂಬುವಂತೆ ತೋರಿಸಲಾರದು. ಆದರೆ ಬಂದದ್ದನ್ನು ಆಳದ ಸಮೇತ ಉಳಿಸುತ್ತದೆ, ಅದೂ ವಿಶೇಷ ಕ್ಯಾಮೆರಾ ಇಲ್ಲದೆ. ನಮ್ಮ ಜಿಲ್ಲೆಯ ಎಂಜಿನಿಯರಿಂಗ್ ಕಾಲೇಜಿನ ಹುಡುಗ ಹುಡುಗಿಯರು ಒಂದು ಫೋನು, ಒಂದು ಒಳ್ಳೆಯ ಕಂಪ್ಯೂಟರ್ ಇಟ್ಟುಕೊಂಡು ಮಾಡಬಹುದಾದ ಕೆಲಸ. ಪ್ರಸಿದ್ಧವಾದ ಬೇಲೂರು, ಹಳೇಬೀಡುಗಳಿಗೆ ಮೊದಲು ಅರಸೀಕೆರೆಯ ಈಶ್ವರ ದೇವಸ್ಥಾನ, ಹಾರನಹಳ್ಳಿ, ಜಾವಗಲ್‌ಗಳಿಂದ ಶುರು ಮಾಡಿದರೆ ನನಗೆ ಇನ್ನೂ ಸಂತೋಷ. ಅಲ್ಲಿ ಫೋಟೋ ತೆಗೆಯಲು ನಿಲ್ಲುವವರೇ ಕಡಿಮೆ.

ಮುಂದಿನ ತಿಂಗಳು ಅಜ್ಜಿಮನೆಯಲ್ಲಿ ಇನ್ನೊಂದು ಮದುವೆ. ತಂಗಿಯ ಮಗನಿಗೆ ಫೋನ್ ಮಾಡಿ ಎರಡು ಮಾತು ಹೇಳಿದ್ದೇನೆ. ಪೋರ್ಟ್ರೇಟ್ ತೆಗೆದರೆ ಮೂಲ ಫೈಲನ್ನು ಅಳಿಸಬೇಡ, ಹತ್ತಿರ–ದೂರದ ಲೆಕ್ಕ ಇರುವುದು ಅದರಲ್ಲಿ. ವಾಟ್ಸ್ಆ್ಯಪಿನಲ್ಲಿ ಫೋಟೋ ಎಂದು ಕಳಿಸಿದರೆ ಸಾಮಾನ್ಯವಾಗಿ ಆ ಲೆಕ್ಕ ಉದುರಿಹೋಗಿ, ಚಿತ್ರವೂ ಕುಗ್ಗುತ್ತದೆ. ಡಾಕ್ಯುಮೆಂಟ್ ಎಂದು ಕಳಿಸು, ಇಲ್ಲವೇ ಊರಿಗೆ ಬಂದಾಗ ಪೆನ್‌ಡ್ರೈವಿಗೆ ಹಾಕಿಕೊಡು. ಎಲ್ಲಕ್ಕಿಂತ ಮುಖ್ಯವಾಗಿ, ಧಾರೆ ಮುಗಿದ ಮೇಲೆ ಎಲ್ಲರೂ ಊಟದ ಹಾಲಿಗೆ ಓಡುವ ಹೊತ್ತಲ್ಲಿ ನಮ್ಮಮ್ಮನ ಹತ್ತಿರ ಇರು. ಹುಡುಗಿಯ ಕಿವಿಯಲ್ಲಿ ಅವಳು ಏನಾದರೂ ಹೇಳಿಯೇ ಹೇಳುತ್ತಾಳೆ.

“ಎಷ್ಟು ತೆಗೀಲಿ ಮಾಮ?” ಅಂದ.

ಹತ್ತು ತೆಗಿ ಅಂದೆ.